ಎಡಗಡೆಯ ಸೀಟು

ಸಿಟ್ಟಿನಲ್ಲಿ ಹೊರಟುಹೋಗುವವನಿಗೆ ಒಂದು ಗತ್ತು ಬೇಕು. ಬಾಗಿಲನ್ನು ಧಡಾರನೆ ಹಾಕಬೇಕು, ತಿರುಗಿ ನೋಡಬಾರದು, ಗಾಡಿ ಧೂಳೆಬ್ಬಿಸಿಕೊಂಡು ಹೋಗಬೇಕು. ಬ್ರೇಕಯ್ಯ ಆ ಬೆಳಿಗ್ಗೆ ಮೊದಲ ಎರಡನ್ನು ಚೆನ್ನಾಗಿಯೇ ಮಾಡಿದ. ಮೆಟ್ಟಿಲುಗಳನ್ನು ದಡದಡ ಇಳಿದು ಬಂದು, ಬೀದಿಯಲ್ಲಿ ಯಾರ ಮುಖವನ್ನೂ ನೋಡದೆ ಕಾರಿನಲ್ಲಿ ಕೂತು, ಬಾಗಿಲನ್ನು ಕಿತ್ತುಬರುವ ಹಾಗೆ ಎಳೆದುಕೊಂಡು, ಬೆಲ್ಟು ಬಿಗಿದು, ಎದುರಿಗೆ ದುರುಗುಟ್ಟಿಕೊಂಡು ಕಾದ. ಗಾಡಿ ಹೊರಡಲಿಲ್ಲ. ಹೊರಡುವುದಾದರೂ ಹೇಗೆ? ಅವನು ಕೂತಿದ್ದು ಎಡಗಡೆಯ ಸೀಟಿನಲ್ಲಿ. ಸ್ಟಿಯರಿಂಗು ಬಲಗಡೆ ತನ್ನ ಪಾಡಿಗೆ ತಾನಿತ್ತು.

ಎದುರಂಗಡಿಯ ಟೈಲರ್ ಬಾಯಲ್ಲಿ ಕಚ್ಚಿಕೊಂಡಿದ್ದ ದಾರವನ್ನು ತೆಗೆದು ಕೇಳಿದ, "ಏನಪ್ಪಾ, ಡ್ರೈವರ್ ಬರೋದು ಇನ್ನೂ ಲೇಟಾ?"

ಬ್ರೇಕಯ್ಯ ಬೆಲ್ಟು ಬಿಚ್ಚಿ, ಇಳಿದು, ಕಾರನ್ನು ಅರ್ಧ ಸುತ್ತು ಹಾಕಿ, ಬಲಗಡೆ ಕೂತು, ಎರಡನೇ ಸಲ ಧಡಾರ್ ಎನ್ನಿಸಿದ. ಎರಡನೇ ಸಲಕ್ಕೆ ಮೊದಲಿನ ಕಳೆ ಇರಲಿಲ್ಲ.

ಅವನನ್ನು ಬ್ರೇಕಯ್ಯ ಎಂದು ಕರೆದವರು ಡ್ರೈವಿಂಗ್ ಸ್ಕೂಲಿನ ವಿದ್ಯಾರ್ಥಿಗಳು. ಎದುರಿಗೆ 'ಮೇಷ್ಟ್ರೇ' ಎನ್ನುತ್ತಿದ್ದರು. ಬೆನ್ನ ಹಿಂದಿನ ಹೆಸರೇ ಗಟ್ಟಿಯಾಗಿ ಉಳಿಯಿತು. ಸ್ಕೂಲು ಅವನ ಸೋದರಮಾವನದು. ಕೆಳಗೆ ಸ್ಕೂಲು, ಮೇಲೆ ಎರಡು ಕೋಣೆ. ಆ ಎರಡು ಕೋಣೆಯಲ್ಲಿ ಅವನೂ ಅವನ ಅಮ್ಮನೂ. ಅಪ್ಪ ತೀರಿಕೊಂಡ ವರ್ಷ ಮಾವ ಇಬ್ಬರನ್ನೂ ಕರೆತಂದು ಮೇಲೆ ಇಟ್ಟರು. ಹುಡುಗನ ಓದು ಮುಗಿದ ಮೇಲೆ ಅವನನ್ನು ಕೆಳಗಿಳಿಸಿ ಎಡಗಡೆಯ ಸೀಟಿನಲ್ಲಿ ಕೂರಿಸಿದರು. ಕಲಿಸುವವರ ಕಾರಿನಲ್ಲಿ ಆ ಸೀಟಿನ ಕೆಳಗೆ ಎರಡೇ ಪೆಡಲು ಇರುತ್ತವೆ, ಕ್ಲಚ್ಚು ಮತ್ತು ಬ್ರೇಕು. ಆಕ್ಸಿಲರೇಟರ್ ಇರುವುದಿಲ್ಲ. ಅಂದರೆ ಅಲ್ಲಿ ಕೂತವನು ಯಾರನ್ನು ಬೇಕಾದರೂ ನಿಲ್ಲಿಸಬಹುದು, ಯಾರನ್ನೂ ಹೊರಡಿಸಲಾರ. ಆರು ವರ್ಷ ಅದನ್ನೇ ಮಾಡಿ ಮಾಡಿ ಅವನ ಕಾಲಿಗೆ ಒಂದು ರೋಗ ಅಂಟಿಕೊಂಡಿತ್ತು. ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನ ಕಂಬಿಯನ್ನು ಒತ್ತುತ್ತಿದ್ದ. ಅಮ್ಮ ಹಾಲು ಉಕ್ಕಿಸುವ ಹಂತಕ್ಕೆ ತಂದರೆ ನೆಲವನ್ನು ಒತ್ತುತ್ತಿದ್ದ. ಒಮ್ಮೆ ಗೆಳೆಯನ ಮದುವೆ ಮಾತುಕತೆಯಲ್ಲಿ ಹುಡುಗಿಯ ತಂದೆ ಜೋರಾಗಿ ಮಾತಾಡತೊಡಗಿದಾಗ ಮೇಜಿನ ಕೆಳಗೆ ಅವರ ಕಾಲನ್ನೇ ಒತ್ತಿಬಿಟ್ಟಿದ್ದ.

ಈಗಿನ ಸಿಟ್ಟಿಗೆ ಕಾರಣ ಹೊಸ ಬ್ರಾಂಚು. ಅರ್ಧ ದಿನದ ದಾರಿಯ ಇನ್ನೊಂದು ಪೇಟೆಯಲ್ಲಿ ಮಾವ ಎರಡನೇ ಸ್ಕೂಲು ತೆರೆಯುತ್ತಿದ್ದರು. ಜಾಗ ಹುಡುಕುವಾಗಿನಿಂದ ಹೇಳುತ್ತಿದ್ದ ಮಾತು ಒಂದೇ: "ಅದು ನಿಂದೇ ಕಣೋ. ನೀನೇ ನೋಡ್ಕೋಬೇಕು." ಬ್ರೇಕಯ್ಯ ನಂಬಿದ. ನಂಬಿದ್ದಷ್ಟೇ ಅಲ್ಲ, ಕನ್ನಡಿ ಮುಂದೆ ನಿಂತು ಮ್ಯಾನೇಜರ್ ಹೇಗೆ ಗಂಟಲು ಸರಿಪಡಿಸಿಕೊಳ್ಳುತ್ತಾನೆ ಎಂಬುದನ್ನೂ ಅಭ್ಯಾಸ ಮಾಡಿದ್ದ. ಹೋದ ವಾರ ಬೋರ್ಡು ಬರೆಸಿಕೊಂಡು ಬಂದರು. ಮ್ಯಾನೇಜರ್ ಎಂಬುದರ ಎದುರಿಗೆ ಮಾವನ ಮಗಳ ಗಂಡನ ಹೆಸರಿತ್ತು. ಆತ ಬಚ್ಚಲುಮನೆಯ ಟೈಲ್ಸ್ ಮಾರುವ ಶೋರೂಮಿನಲ್ಲಿದ್ದವನು. ನೆಲದ ಬಣ್ಣ ಹೇಳಿದರೆ ಗೋಡೆಯ ಬಣ್ಣ ಹೇಳುವಷ್ಟು ಜಾಣ. ಕಾರು ಮಾತ್ರ ಮಾವನನ್ನು ಎಡಗಡೆ ಕೂರಿಸಿಕೊಂಡೇ ಕಲಿತಿದ್ದ, ಅದೂ ಮದುವೆ ಗೊತ್ತಾದ ಹೊಸದರಲ್ಲಿ. ಭಾವೀ ಅಳಿಯನಿಗೆ ಮುಜುಗರವಾಗಬಾರದೆಂದು ಬ್ರೇಕೆಲ್ಲ ಮಾವನೇ ಹಾಕಿದ್ದರು. ಹೀಗಾಗಿ ಆತನಿಗೆ ಹೊರಡುವುದು ಬರುತ್ತಿತ್ತು, ನಿಲ್ಲುವುದು ಬರುತ್ತಿರಲಿಲ್ಲ.

"ಮಾವ, ನಂದು ಅಂದಿದ್ರಿ," ಎಂದು ಬ್ರೇಕಯ್ಯ ಕೇಳಿದ್ದಕ್ಕೆ ಮಾವ ಅವನ ಬೆನ್ನು ತಟ್ಟಿದ್ದರು. "ಅವರು ಹೊರಗಿನಿಂದ ಬಂದೋರಪ್ಪ, ಅವರಿಗೆ ಒಂದು ಹೆಸರು ಬೇಕು. ನೀನು ಮನೆ ಹುಡುಗ. ನಿನಗ್ಯಾಕೋ ಬೋರ್ಡು? ಕಾರು ತಗೊಂಡು ಬಂದು, ಎಲ್ಲರೆದುರಿಗೆ ನಗ್ತಾ ಕೀ ಕೊಡು. ಆಮೇಲೆ ಅಲ್ಲೇ ಇದ್ದು ಅವರಿಗೊಂಚೂರು ಹೇಳ್ಕೊಡು."

ಮನೆ ಹುಡುಗ. ಈ ಮಾತು ಕೇಳಿದಾಗಲೆಲ್ಲ ಅವನಿಗೆ ಯಾರೋ ಬೆಚ್ಚಗೆ ಹೊದಿಸಿ, ಹೊದಿಕೆಯ ನಾಲ್ಕು ಮೂಲೆಗೂ ಮೊಳೆ ಹೊಡೆದ ಹಾಗಾಗುತ್ತಿತ್ತು. ಮನೆ ಹುಡುಗನಿಗೆ ರಜೆ ಯಾಕೆ, ಮನೆಯಲ್ಲೇ ಇದ್ದೀಯಲ್ಲ. ಮನೆ ಹುಡುಗನಿಗೆ ಸಂಬಳ ಹೆಚ್ಚಿಸುವುದು ಯಾಕೆ, ಮನೆಯಲ್ಲೇ ಉಣ್ಣುತ್ತೀಯಲ್ಲ.

ಮಾವ, ಅತ್ತೆ, ಮಗಳು ಮತ್ತು ಅವನ ಅಮ್ಮ ಬಾಡಿಗೆ ಗಾಡಿಯಲ್ಲಿ ಹಿಂದಿನ ದಿನವೇ ಹೋಗಿದ್ದರು. ಮೊಣಕಾಲಿನ ಆಪರೇಷನ್ ಆದ ಮೇಲೆ ಮಾವ ಸ್ಟಿಯರಿಂಗ್ ಮುಟ್ಟುತ್ತಿರಲಿಲ್ಲ. ಸ್ಕೂಲಿನ ಕಾರನ್ನು ಒಬ್ಬನೇ ತರುವ ಕೆಲಸ ಬ್ರೇಕಯ್ಯನ ಪಾಲಿಗೆ ಬಂತು. ದಾರಿಯಲ್ಲಿ ಒಂದು ಭಾಷಣ ಸಿದ್ಧಮಾಡಿಕೊಂಡು, ಅಲ್ಲಿ ಎಲ್ಲರೆದುರಿಗೆ ಅದನ್ನು ಮಾವನ ಮುಖಕ್ಕೆ ಹೇಳಿ ಕೆಲಸ ಬಿಡುವುದು ಎಂದು ರಾತ್ರಿಯೆಲ್ಲ ಮಗ್ಗುಲು ಬದಲಿಸಿ ತೀರ್ಮಾನಿಸಿದ್ದ. ಕೆಲಸ ಬಿಟ್ಟರೆ ಮೇಲಿನ ಎರಡು ಕೋಣೆಯೂ ಹೋಗುತ್ತದೆ ಎಂಬುದು ಗೊತ್ತಿತ್ತು. ಮಗ್ಗುಲು ಬದಲಿಸಿದ್ದು ಅದಕ್ಕೇ.

ಹೆದ್ದಾರಿಗೆ ಬಂದ ಮೇಲೆ ಇನ್ನೊಂದು ಅವಮಾನ ಕಾದಿತ್ತು. ಕಾರಿನ ಹಿಂದೆ ಮುಂದೆ ಕೆಂಪು ಬಣ್ಣದಲ್ಲಿ ಎಲ್ ಅಕ್ಷರ, ನೆತ್ತಿಯ ಮೇಲೆ 'ಕಲಿಯುತ್ತಿದ್ದಾರೆ, ದೂರವಿರಿ' ಎಂಬ ಹಲಗೆ. ಎಡಗಡೆ ಕೂತಾಗ ಆ ಹಲಗೆ ಪಕ್ಕದವರದು. ಈಗ ಕಾರಿನಲ್ಲಿ ಇದ್ದವನು ಅವನೊಬ್ಬನೇ. ಹಿಂದಿನಿಂದ ಬಂದವರು ಹಾರ್ನು ಹೊಡೆದರು. ಪಕ್ಕಕ್ಕೆ ಬಂದವರು ಕಿಟಕಿಯಿಳಿಸಿ ಮರುಕದಿಂದ ನೋಡಿದರು. ಒಬ್ಬ ಅಜ್ಜ ಮೊಪೆಡ್ಡಿನಲ್ಲಿ ಅವನನ್ನು ದಾಟಿಕೊಂಡು ಹೋಗುತ್ತ, "ಹೆದರ್ಬೇಡ ಮಗಾ, ಬರುತ್ತೆ," ಎಂದು ಧೈರ್ಯ ಹೇಳಿದ. ಸಿಟ್ಟಿನಲ್ಲಿ ಜೋರಾಗಿ ಹೋಗಿ ತೋರಿಸೋಣವೆಂದರೆ ಬಾಯಿ ಬಿಡುತ್ತಿರಲಿಲ್ಲ. "ಕ್ಲಚ್, ಕ್ಲಚ್. ಕನ್ನಡಿ ನೋಡಿ. ಅವಸರ ಯಾಕೆ, ಯಾರಾದ್ರೂ ಅಟ್ಟಿಸಿಕೊಂಡು ಬರ್ತಿದಾರಾ?" ಎಂದು ಅವನ ಬಾಯಿ ಅವನಿಗೇ ಪಾಠ ಹೇಳುತ್ತಿತ್ತು. ಆರು ವರ್ಷ ಈ ದನಿಯನ್ನು ಸಹಿಸಿಕೊಂಡ ವಿದ್ಯಾರ್ಥಿಗಳ ಮೇಲೆ ಅವನಿಗೆ ಮೊದಲ ಬಾರಿಗೆ ಗೌರವ ಬಂತು.

ಪೆಟ್ರೋಲ್ ಬಂಕಿನಲ್ಲಿ ಪೈಪು ಹಿಡಿದವನು ಕಾರಿನ ಒಳಗೆ ಬಗ್ಗಿ ನೋಡಿದ. "ನಿಮ್ಮ ಮೇಷ್ಟ್ರು ಎಲ್ಲಿ?"

"ನಾನೇ ಮೇಷ್ಟ್ರು."

"ಮತ್ತೆ ಕಲಿಯೋರು?"

"ಯಾರೂ ಇಲ್ಲ."

ಅವನು ಪಕ್ಕದ ಲಾರಿಯ ಡ್ರೈವರನ ಕಡೆ ನೋಡಿದ. ಲಾರಿಯವನು ಎತ್ತರದಿಂದಲೇ ತೀರ್ಪು ಕೊಟ್ಟ: "ಎಲ್ರೂ ಹಾಗೇ ಹೇಳೋದು. ಗಾಡಿ ಆ ಮೂಲೆಗೆ ಹಾಕ್ಕೊಳಪ್ಪ, ನಾನು ತಿರುಗಿಸ್ಬೇಕು. ರಿವರ್ಸ್ ಬರುತ್ತಾ, ನಾನೇ ಇಳಿದು ಬರ್ಲಾ?"

ಬ್ರೇಕಯ್ಯ ಒಂದೇ ಏಟಿಗೆ ರಿವರ್ಸ್ ತೆಗೆದು, ಗೋಡೆಗೂ ಗಾಳಿ ತುಂಬುವ ಯಂತ್ರಕ್ಕೂ ನಡುವಿನ ಇಕ್ಕಟ್ಟಿನಲ್ಲಿ ಗಾಡಿಯನ್ನು ಇಟ್ಟ. ಇಬ್ಬರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟಿದ್ದು ಇನ್ನೂ ಕೆಟ್ಟದಾಗಿತ್ತು.

ಅಲ್ಲಿಂದ ಮುಂದೆ ಅಮ್ಮನ ಫೋನು ಬಂತು. ಗಾಡಿಯನ್ನು ಬದಿಗೆ ಹಾಕಿ ಎತ್ತಿಕೊಂಡ.

"ಎಲ್ಲಿದೀಯಾ? ಕೇಳಿಸ್ಕೋ. ಬಾಯಿ ಮುಚ್ಕೊಂಡು ಕೀ ಕೊಡು, ಊಟ ಮಾಡು, ಬಾ. ನಿನ್ನ ಮುಖ ನೋಡಿದ್ರೆ ನಂಗೆ ಗೊತ್ತಾಗುತ್ತೆ, ಏನೋ ಮಸಲತ್ತು ಮಾಡ್ಕೊಂಡಿದೀಯ."

"ಫೋನಲ್ಲಿ ಮುಖ ಎಲ್ಲಿಂದ ನೋಡ್ದೆ?"

"ನಿನ್ನ ಮುಖ ನೋಡೋಕೆ ನಂಗೆ ಫೋನು ಬೇಕಾ? ನೆರಳು ಕೊಟ್ಟಿದಾನೆ ನನ್ನ ತಮ್ಮ. ಅದನ್ನ ನೆನಪಿಟ್ಕೋ."

"ನೆರಳಲ್ಲೇ ಇಟ್ಟಿದಾನೆ ಅಮ್ಮಾ," ಎಂದ. ಅಮ್ಮ ಅಷ್ಟರಲ್ಲಿ ಫೋನು ಇಟ್ಟಾಗಿತ್ತು. ಒಳ್ಳೆಯ ಮಾತು ಹೊಳೆಯುವುದೇ ಯಾವಾಗಲೂ ಫೋನು ಇಟ್ಟ ಮೇಲೆ.

ಫೋನು ಜೇಬಿಗೆ ಸೇರಿಸಿ ತಲೆಯೆತ್ತಿದರೆ ಎದುರಿಗೆ ಕನ್ನಡಿಗಳ ಗೋಡೆ. ಗುಜರಿ ಅಂಗಡಿಯ ಕಾಂಪೌಂಡು ಅದು. ಅಪಘಾತದ ಗಾಡಿಗಳಿಂದ ಕಿತ್ತ ಪಕ್ಕದ ಕನ್ನಡಿಗಳನ್ನೆಲ್ಲ ಯಾರೋ ಮೂಲೆಯಿಂದ ಮೂಲೆಯವರೆಗೆ ಮೊಳೆ ಹೊಡೆದು ಕೂರಿಸಿದ್ದರು. ಸ್ಕೂಟರಿನ ದುಂಡುಕನ್ನಡಿ, ಬಸ್ಸಿನ ಉದ್ದಕನ್ನಡಿ, ಬಿರುಕು ಬಿಟ್ಟದ್ದು, ಅರ್ಧವೇ ಉಳಿದದ್ದು. ಪಕ್ಕದಲ್ಲಿ ಟೀ ಮಾರುವ ಹೆಂಗಸೊಬ್ಬಳು ಸ್ಟವ್ ಇಟ್ಟುಕೊಂಡು ಕೂತಿದ್ದಳು. ಬ್ರೇಕಯ್ಯ ಒಂದು ಟೀ ಹೇಳಿ ಗೋಡೆಯ ಮುಂದೆ ನಿಂತ. ಅಷ್ಟೊಂದು ಕನ್ನಡಿಗಳಲ್ಲಿ ಅಷ್ಟೊಂದು ಬ್ರೇಕಯ್ಯಂದಿರು. ಒಬ್ಬನ ಮುಖದಲ್ಲೂ ಸಿಟ್ಟು ಕಾಣಿಸಲಿಲ್ಲ. ಎಲ್ಲರೂ ಹಲ್ಲುನೋವಿನವರ ಹಾಗೆ ಕಾಣುತ್ತಿದ್ದರು. ಭಾಷಣಕ್ಕೆ ಇದಕ್ಕಿಂತ ದೊಡ್ಡ ಸಭೆ ಸಿಗುವುದಿಲ್ಲ ಅನ್ನಿಸಿತು. ಗಂಟಲು ಸರಿಮಾಡಿಕೊಂಡ.

"ಮಾವ, ನಿಮ್ಮ ಉಪಕಾರವನ್ನು ನಾನು ಮರೆತಿಲ್ಲ. ಆದರೆ ಉಪಕಾರಕ್ಕೂ ಒಂದು ಮಿತಿ ಇದೆ." ಬೇಡ, ಇದು ಶಾಲೆಯ ವಾರ್ಷಿಕೋತ್ಸವದ ಹಾಗಾಯಿತು. ಇನ್ನೊಮ್ಮೆ. "ಮಾವ, ಆರು ವರ್ಷ ನಿಮ್ಮ ಹೆಸರಿಗೆ ಗೀರು ಬೀಳದ ಹಾಗೆ ನೋಡ್ಕೊಂಡೆ. ನನ್ನ ಹೆಸರು ಎಲ್ಲಿ?" ಮೂರನೆಯ ಸಲ ಮಾವನ ತಾತನವರೆಗೂ ಹೋಗಿ, ದನಿ ಏರಿ, ಒಂದು ಸ್ಕೂಟರ್ ಕನ್ನಡಿ ಅಲುಗಿತು.

ಟೀಯವಳು ಗ್ಲಾಸು ತಂದು ಕೊಟ್ಟಳು. "ಎರಡನೇದೇ ಚೆನ್ನಾಗಿತ್ತು."

"ಏನು?"

"ಎರಡನೇ ಸಲ ಬೈದಿದ್ದು. ಇಲ್ಲಿ ನಿಂತು ಎಲ್ರೂ ಬೈತಾರೆ ಅಣ್ಣಾ, ಮನೇಲಿ ಬೈಯಕ್ಕಾಗದೋರು. ಉದ್ದ ಬೈದೋರು ಯಾರೂ ವಾಪಸ್ ಬಂದು ಗೆದ್ದೆ ಅಂದಿಲ್ಲ." ಅವಳು ಕಾರಿನ ಕಡೆ ನೋಡಿದಳು. "ಗಾಡಿ ಕಲೀತಿದೀರಾ? ಒಬ್ರೇ ಹೆದ್ದಾರಿಗೆ ಬರ್ಬಾರದು."

ಬಿಸಿ ಟೀಯನ್ನು ಸುಟ್ಟುಕೊಂಡೇ ಕುಡಿದು ಹೊರಟ. ಸಿಟ್ಟಿಗೆ ಒಂದು ಗೌರವ ಇರುತ್ತದೆ ಅಂದುಕೊಂಡಿದ್ದ. ಅದನ್ನೂ ಜನ ಅಂಕ ಹಾಕಿ ನೋಡುತ್ತಾರೆ.

ಹೊಟ್ಟೆ ಚುರುಗುಟ್ಟುವ ಹೊತ್ತಿಗೆ ವಿಮಾನ ಸಿಕ್ಕಿತು. ಹೊಲದ ನಡುವೆ ರೆಕ್ಕೆಯಿಲ್ಲದ ನಿಜವಾದ ವಿಮಾನ, ಮುಂದೆ 'ಊಟ ತಿಂಡಿ ರೆಡಿ' ಎಂಬ ಫಲಕ. ಒಳಗೆ ಸಪ್ಲೈಯರ್ ಪೈಲಟ್ಟಿನ ಟೋಪಿ ಹಾಕಿಕೊಂಡು ನಿಂತಿದ್ದ. "ಒಬ್ರೇನಾ ಸಾರ್? ಒಬ್ರೇ ಬಂದೋರಿಗೆ ಮುಂದಿನ ಸೀಟು," ಎಂದು ಅವನನ್ನು ಕರೆದೊಯ್ದು ಮೂತಿಯಲ್ಲಿ ಕೂರಿಸಿದ. ಎದುರಿಗೆ ಗುಂಡಿಗಳು, ಹಿಡಿಕೆ, ಮುಳ್ಳಿಲ್ಲದ ಗಡಿಯಾರಗಳು. ಬ್ರೇಕಯ್ಯ ಬಗ್ಗಿ ಕಾಲ ಕೆಳಗೆ ನೋಡಿದ. ಎರಡು ಪೆಡಲಿದ್ದವು. ಒತ್ತಿದ. ಒತ್ತುತ್ತಲೇ ಅವನಿಗೆ ತನ್ನ ಮೇಲೇ ಮೈಯೆಲ್ಲ ಉರಿಯಿತು. ಹೊಲದಲ್ಲಿ ಹೂತುಹೋದ, ರೆಕ್ಕೆ ಕಿತ್ತ ವಿಮಾನಕ್ಕೂ ಬ್ರೇಕು ಹಾಕುವ ಕಾಲು ಇದು. ಮಾವ ಕೂರಿಸಿದ್ದು ನಿಜ. ಏಳಬೇಡ ಎಂದು ಯಾರು ಹೇಳಿದ್ದರು? ಮಾವ ಪ್ರತಿ ಸಲ ಬೆನ್ನು ತಟ್ಟಿದಾಗಲೂ ತಾನು ಒಳಗೆ ಎದ್ದ ಮಾತನ್ನು ಒತ್ತಿ ಹಿಡಿದು, ಅದಕ್ಕೆ ತಾಳ್ಮೆ ಎಂದು ಹೆಸರಿಟ್ಟುಕೊಂಡಿದ್ದ. ಪುಕ್ಕಲುತನಕ್ಕೆ ಅಷ್ಟು ಒಳ್ಳೆಯ ಹೆಸರು ಇಟ್ಟವನಿಗೆ ಒಂದು ಬೋರ್ಡು ಬರೆಸುವುದು ಎಷ್ಟರ ಕೆಲಸ.

"ಸಾರ್, ಅದನ್ನ ಒತ್ಬೇಡಿ, ಕಿತ್ತು ಬರುತ್ತೆ," ಎಂದ ಪೈಲಟ್. "ಏನು ಕೊಡ್ಲಿ?"

"ಏನೂ ಬೇಡ." ಎದ್ದು ಇಳಿದು ಬಂದ. ಹಸಿವು ಹಾಗೇ ಉಳಿಯಿತು, ಸಿಟ್ಟಿಗೆ ಜೊತೆಯಾಗಿ.

ಪೇಟೆ ಹತ್ತಿರವಾಯಿತು. ರಸ್ತೆ ಎರಡಾಗುವಲ್ಲಿ ಎಡಕ್ಕೆ ಪೇಟೆ, ನೇರಕ್ಕೆ ಬೈಪಾಸು. ಬ್ರೇಕಯ್ಯ ನೇರಕ್ಕೆ ಹೋದ. ಯೋಚಿಸಿ ಹೋದದ್ದಲ್ಲ, ಕಾಲಿಗೆ ಆಕ್ಸಿಲರೇಟರ್ ಸಿಕ್ಕಿತ್ತು, ಅದು ಹೋಯಿತು. ಪೇಟೆಯ ನೀರಿನ ಟ್ಯಾಂಕು, ಆಸ್ಪತ್ರೆಯ ಕಟ್ಟಡ ಎಡಗಡೆಯಿಂದ ಸರಿದು ಹಿಂದಾದವು. ಅಲ್ಲಿ ರಿಬ್ಬನ್ ಕಟ್ಟಿಕೊಂಡು ಕಾಯಲಿ, ಕಾರೇ ಬರದ ಡ್ರೈವಿಂಗ್ ಸ್ಕೂಲಿನ ಫೋಟೋ ತೆಗೆಸಿಕೊಳ್ಳಲಿ. ಒಂದಷ್ಟು ದೂರ ಹೀಗೆ ಹಾಯಾಗಿತ್ತು. ಆಮೇಲೆ ಮಾವ ಏನು ಹೇಳುತ್ತಾರೆ ಎಂಬುದು ಮಾವನ ದನಿಯಲ್ಲೇ ಕೇಳಿಸಿತು: "ಪಾಪ, ಮನೆ ಹುಡುಗ. ಬೇಜಾರು ಮಾಡ್ಕೊಂಡಿದಾನೆ. ಹಸಿವಾದ್ರೆ ಬರ್ತಾನೆ ಬಿಡಿ." ಎಲ್ಲರೂ ನಗುತ್ತಾರೆ, ಅಮ್ಮನೂ ಒಂದು ಪೆಚ್ಚು ನಗೆ ನಗಬೇಕಾಗುತ್ತದೆ. ಆ ನಗೆಯನ್ನು ನೆನೆದದ್ದೇ ತಡ, ಮುಂದಿನ ತಿರುವಿನಲ್ಲಿ ಕಾರನ್ನು ವಾಪಸು ತಿರುಗಿಸಿದ. ಓಡಿಹೋಗುವಷ್ಟು ಸಿಟ್ಟು ಸಾಲದು, ಎದುರಿಗೆ ನಿಲ್ಲುವಷ್ಟು ಬೇಕು.

ಹೊಸ ಸ್ಕೂಲಿನ ಬೀದಿಯ ಮೂಲೆಯಲ್ಲೇ ಮಾವ ಕೋಲೂರಿಕೊಂಡು ಕಾಯುತ್ತಿದ್ದರು. ಪಕ್ಕದಲ್ಲಿ ಹೊಸ ಕೋಟಿನ ಭಾವ, ಅದೇ ಮಾವನ ಅಳಿಯ. ದೂರದಲ್ಲಿ ಕೆಂಪು ರಿಬ್ಬನ್ನು, ಪ್ಲಾಸ್ಟಿಕ್ ಕುರ್ಚಿಗಳು, ಅತಿಥಿಗಳು, ಕ್ಯಾಮೆರಾದವನು.

"ಎಷ್ಟೊತ್ತೋ? ಬಾ ಇಳಿ. ಇಲ್ಲಿಂದ ಅವರು ಓಡಿಸ್ಕೊಂಡು ಬರ್ತಾರೆ, ರಿಬ್ಬನ್ ಹತ್ರ ನಿಲ್ಲಿಸ್ತಾರೆ, ಫೋಟೋ. ನೀನು ಎಡಗಡೆ ಕೂತ್ಕೋ. ಸ್ವಲ್ಪ ಕೆಳಗೆ ಜಾರಿ ಕೂತ್ಕೋ, ತಲೆ ಕಾಣ್ಬಾರದು." ಮಾವ ದನಿ ತಗ್ಗಿಸಿದರು. "ಬ್ರೇಕು ನೀನು ನೋಡ್ಕೋ."

ಬ್ರೇಕಯ್ಯ ಇಳಿದು ನಿಂತು ಬಾಯಿ ತೆರೆದ. ಭಾಷಣದ ಮೊದಲನೆಯದು, ಎರಡನೆಯದು, ಮೂರನೆಯದು, ಎಲ್ಲವೂ ಎಲ್ಲಿಗೋ ಹೋಗಿದ್ದವು. ತಲೆ ಕಾಣಬಾರದು ಎಂಬ ಎರಡು ಪದ ಮಾತ್ರ ಕಿವಿಯಲ್ಲಿ ಸುತ್ತುತ್ತಿದ್ದವು.

"ಕೂರಲ್ಲ," ಎಂದ.

"ಏನು?"

"ನಾನು ಕೂರಲ್ಲ ಮಾವ. ಇವತ್ತೂ ಇಲ್ಲ, ನಾಳೆಯಿಂದಾನೂ ಇಲ್ಲ. ಫೋಟೋ ಅವರದು, ಕಾಲು ನಂದು, ಅದಾಗಲ್ಲ."

"ಜನ ನೋಡ್ತಿದಾರೆ. ಮನೆ ಹುಡುಗ ನೀನು."

"ಹುಡುಗ ಅಂದ್ರೆ ಇಪ್ಪತ್ತೇಳು ವರ್ಷ ಆಯ್ತು. ಮನೆ ಅಂದ್ರೆ ನಿಮ್ಮದು. ಅದರಲ್ಲಿ ನಾನೆಲ್ಲಿದೀನಿ ಹೇಳಿ."

ಮಾವ ಅಳಿಯನ ಕಡೆ ತಿರುಗಿದರು. "ನೀವು ಹತ್ತಿ. ಇವನಿಲ್ಲದಿದ್ರೆ ಆಗೋದೇ ಇಲ್ವಾ? ನಾಲ್ಕು ಮಾರು ದೂರ."

ಭಾವ ಹತ್ತಿ ಕೂತ. ಸ್ಟಾರ್ಟ್ ಮಾಡಿದ. ಎಡಗಡೆಯ ಖಾಲಿ ಸೀಟನ್ನು ನೋಡಿದ, ಮುಂದೆ ಕುರ್ಚಿಗಳಲ್ಲಿ ಕೂತ ಹೆಂಗಸರು ಮಕ್ಕಳನ್ನು ನೋಡಿದ. ಇಂಜಿನ್ ಆಫ್ ಮಾಡಿ ಇಳಿದ. ಕೋಟಿನ ಒಳಗೆ ಬೆವರಿದ್ದ.

"ಮಾವ, ನಂಗೆ ಬರಲ್ಲ. ಮದ್ವೆಗೆ ಮುಂಚೆನೇ ಹೇಳಿದ್ದೆ ನಿಮಗೆ. ನಂಗೆ ಟೈಲ್ಸ್ ಅಂಗಡಿನೇ ಇರ್ಲಿ ಅಂತಾನೂ ಹೇಳಿದ್ದೆ. ನೀವು ಕೇಳಿದ್ರಾ?"

ಬ್ರೇಕಯ್ಯನಿಗೆ ಅಲ್ಲಿ ಒಂದು ಪೆಟ್ಟು ಬಿತ್ತು. ಒಂದು ವಾರದಿಂದ ಈ ಮನುಷ್ಯನನ್ನು ಮನಸ್ಸಿನಲ್ಲಿ ಎಷ್ಟು ಸಲ ಗುಂಡಿಗೆ ಹಾಕಿದ್ದನೋ. ಅವನನ್ನೂ ಯಾರೋ ಹಿಡಿದು ಕೂರಿಸಿದ್ದಾರೆ, ಸೀಟು ಬೇರೆ ಅಷ್ಟೆ. ಇದರಿಂದ ಸಿಟ್ಟು ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಇಬ್ಬರ ಪಾಲಿನದೂ ಸೇರಿ ಮಾವನ ಕಡೆಗೆ ಹೋಯಿತು.

ಮಾವ ಕೋಲಿನಿಂದ ನೆಲ ಕುಟ್ಟಿದರು. "ಸರಿ. ನೀನೇ ಓಡಿಸ್ಕೊಂಡು ಬಾ. ಬ್ರಾಂಚೂ ನೀನೇ ನೋಡ್ಕೋ. ಆಯ್ತಾ?"

"ಬೋರ್ಡು?"

"ಬೋರ್ಡು ಹೇಗಿದೆಯೋ ಹಾಗಿರ್ಲಿ. ಬರೆಸಿ ಆಗಿದೆಯಲ್ಲ. ಬೀಗರೆಲ್ಲ ಕೂತಿದಾರೆ, ಏನಂದ್ಕೊಳ್ತಾರೆ?"

ಬ್ರೇಕಯ್ಯ ತೆರೆದೇ ಇದ್ದ ಕಾರಿನ ಬಾಗಿಲನ್ನು ಮೆತ್ತಗೆ ಮುಚ್ಚಿದ. ಕುರ್ಚಿಗಳ ಸಾಲಿನಲ್ಲಿ ಅಮ್ಮ ಎದ್ದು ನಿಂತದ್ದು ಕಾಣಿಸಿತು. ಅಲ್ಲಿಂದಲೇ ಕೈಯಲ್ಲಿ ಕೂತ್ಕೋ, ಕೂತ್ಕೋ ಎನ್ನುತ್ತಿದ್ದಳು. ಅವನು ತಿರುಗಿ ಮುಖ್ಯರಸ್ತೆಯ ಕಡೆ ನಡೆದ. "ಹೋಗು, ಹೋಗು. ಎಲ್ಲಿಗೆ ಹೋಗ್ತೀಯ ನೋಡ್ತೀನಿ. ರಾತ್ರಿ ಮಲಗೋಕೆ ಎಲ್ಲಿಗೆ ಬರ್ತೀಯ?" ಎಂಬುದು ಬೆನ್ನಿಗೆ ಬಿತ್ತು.

ರಸ್ತೆ ದಾಟಿ ಬಸ್‌ಸ್ಟಾಪಿನಲ್ಲಿ ನಿಂತು ನೋಡಿದ. ಮಾವ ಹಟಕ್ಕೆ ಬಿದ್ದು ತಾವೇ ಸ್ಟಿಯರಿಂಗಿನಲ್ಲಿ ಕೂತಿದ್ದರು. ಮಡಚಲಾಗದ ಮೊಣಕಾಲಿನಲ್ಲಿ ಕಾರು ಮುಗ್ಗರಿಸುತ್ತ ಬಂದು, ಕತ್ತರಿ ಹಿಡಿದ ಅತಿಥಿಯನ್ನು ಕಾಯದೆ, ರಿಬ್ಬನ್ನನ್ನು ಮೂತಿಗೆ ಸುತ್ತಿಕೊಂಡು ಒಳಗೆ ನುಗ್ಗಿ ನಿಂತಿತು. ಜನ ಎದ್ದು ಬದಿಗೆ ಸರಿದರು, ಆಮೇಲೆ ಏನು ಮಾಡುವುದೆಂದು ತೋಚದೆ ಚಪ್ಪಾಳೆ ತಟ್ಟಿದರು. ಬ್ರೇಕಯ್ಯನಿಗೆ ನಗು ಬರಬೇಕಿತ್ತು. ಕಾಲು ಬಸ್‌ಸ್ಟಾಪಿನ ನೆಲವನ್ನು ಒತ್ತಿ ಹಿಡಿದಿತ್ತು.

ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತ. ಮುಂದೇನು ಎಂಬುದು ಗೊತ್ತಿರಲಿಲ್ಲ. ಎರಡು ಕೋಣೆಯಲ್ಲಿನ ಸಾಮಾನು, ಅಮ್ಮನ ಹೊಲಿಗೆ ಯಂತ್ರ, ಮಂಚ, ಯಾವುದನ್ನು ಎಲ್ಲಿಗೆ ಸಾಗಿಸುವುದು? ಅಮ್ಮ ತಮ್ಮನ ಮನೆ ಬಿಟ್ಟು ಬರುತ್ತಾಳೆಯೇ? ಬರಲಿಕ್ಕಿಲ್ಲ. ಹಾಗಾದರೆ ತಾನು ಬಿಟ್ಟದ್ದು ಕೆಲಸವನ್ನಲ್ಲ, ಅವಳನ್ನು.

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟದ್ದು ಮತ್ತೆ ನಿಂತಿತು. "ಏನಮ್ಮಾ, ಓಡ್ತಾ ಬಸ್ ಹತ್ತೋ ವಯಸ್ಸಾ ಇದು?" ಎಂದು ಕಂಡಕ್ಟರ್ ಗದರಿಸುತ್ತಿದ್ದ. "ನಿನ್ನ ಬಸ್ಸು ನಿಲ್ಸಿದ್ರೆ ನಾನ್ಯಾಕಪ್ಪ ಓಡ್ತಿದ್ದೆ?" ಎಂದಳು ಹತ್ತಿದವಳು.

ಅಮ್ಮ. ಏದುಸಿರು ಬಿಡುತ್ತಿದ್ದಳು. ಒಳ್ಳೆಯ ಸೀರೆಯ ಅಂಚಿಗೆ ಮಣ್ಣು ಮೆತ್ತಿತ್ತು. ಅವನ ಸೀಟಿನ ಹತ್ತಿರ ಬಂದು ನಿಂತಳು.

"ಅಮ್ಮಾ..."

"ಮಾತಾಡ್ಬೇಡ. ನಂಗೆ ಬರ್ತಿರೋ ಸಿಟ್ಟಿಗೆ ಇಲ್ಲೇ ನಾಲ್ಕು ಬಾರಿಸ್ತೀನಿ. ಎಲ್ಲರೆದುರಿಗೆ ಮರ್ಯಾದೆ ತೆಗೆದೆ. ಬೋರ್ಡಂತೆ ಬೋರ್ಡು."

"ಮಾವ ಏನಂದ್ರು?"

"ಏನಂದ್ರೆ ನಿಂಗೇನು? ಅವನೂ ಅಂದ, ನಾನೂ ಅಂದೆ. ಅಕ್ಕ ಅಂತ ಅವನಿಗೆ ನೆನಪಿಸಬೇಕಾಯ್ತು." ಅಮ್ಮ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ಮನೆ ಹುಡುಕೋದು ನೀನೇ. ನೆಲಮಹಡಿ ಬೇಕು, ನಂಗೆ ಮೆಟ್ಟಿಲು ಹತ್ತಿ ಸಾಕಾಗಿದೆ. ಈಗ ಏಳು, ಈ ಕಡೆ ಸರಿ. ಕಿಟಕಿ ಪಕ್ಕ ನಾನು ಕೂತ್ಕೋಬೇಕು."

ಅವನು ಎದ್ದು ಜಾಗ ಬಿಟ್ಟ. ಅಮ್ಮ ಕೂತು, ಕಿಟಕಿಯ ಗಾಜನ್ನು ಪೂರ್ತಿ ಸರಿಸಿ, ಮುಖವನ್ನು ಹೊರಗೆ ತಿರುಗಿಸಿಕೊಂಡಳು.